ಯಾರಿಗೂ ಹೇಳಬೇಡಿ, ಹಾಲು ಬಂದಿದೆ

ಸೆಫ್ರೂ
12 ಅಕ್ಟೋಬರ್ 1996

ಯಾಮ್ನಕ್ಕನಿಗೆ ಬತೂಲಳ ಸಲಾಮು.

ಮಗು ಬಂತು ಅಕ್ಕಾ! ಕ್ಷೇಮ ಸಮಾಚಾರ ಆಮೇಲೆ, ಮೊದಲು ಇದು. ಫೆಸ್‌ನ ಅನಾಥ ಮಕ್ಕಳ ಮನೆಯಿಂದ ಮೊನ್ನೆ ಗುರುವಾರ ಕರೆದುಕೊಂಡು ಬಂದೆವು. ಗಂಡು, ಹುಟ್ಟಿ ಇಪ್ಪತ್ತೈದು ದಿನ. ಯೂನುಸ್ ಅಂತ ಹೆಸರು. ಅಲ್ಲಾಲ್ ಅವತ್ತು ಟ್ಯಾಕ್ಸಿಗೆ ಒಬ್ಬ ಗಿರಾಕಿಯನ್ನೂ ಹತ್ತಿಸಿಕೊಳ್ಳಲಿಲ್ಲ. ಆರು ಜನರನ್ನು ತುರುಕುವ ಗಾಡಿಯಲ್ಲಿ ಮೂರೇ ಜನ ಕಾಲು ಚಾಚಿಕೊಂಡು ಬಂದೆವು. ದಾರಿಯಲ್ಲಿ ಯಾರೋ ಕೈ ಅಡ್ಡ ಹಾಕಿದರೆ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಜಾಗ ಇಲ್ಲಪ್ಪಾ, ನನ್ನ ಮಗ ಕೂತಿದಾನೆ!" ಎಂದು ಕೂಗಿದರು. ಮದುವೆಯಾದ ಹದಿಮೂರು ವರ್ಷಗಳಲ್ಲಿ ಆ ದನಿಯನ್ನು ನಾನು ಕೇಳಿರಲಿಲ್ಲ.

ನ್ಯಾಯಾಧೀಶರು ಮಾತ್ರ ಕಾಗದ ಕೊಡುವಾಗ ಕನ್ನಡಕದ ಮೇಲಿಂದ ನೋಡಿ ಹೇಳಿದರು, "ಸಾಕೋ ಹಕ್ಕು ಕೊಟ್ಟಿದೀವಮ್ಮಾ. ಆದ್ರೆ ಇವನು ನಿಮ್ಮ ಮಗ ಅಂತ ಎಲ್ಲೂ ಬರೆಯೋ ಹಾಗಿಲ್ಲ. ನೆನಪಿರ್ಲಿ." ನೆನಪಿದೆ. ಸಾಕುಮಗ ಧರ್ಮದ ಲೆಕ್ಕಕ್ಕೆ ಮಗನಲ್ಲ, ಅವನಿಗೆ ಮೀಸೆ ಚಿಗುರಿದ ದಿನದಿಂದ ನನ್ನ ಅಡುಗೆಮನೆಯಲ್ಲೇ ನಾನು ಅವನ ಮುಂದೆ ತಲೆ ಮುಚ್ಚಿಕೊಳ್ಳಬೇಕು, ಪರಗಂಡಸಿನ ಮುಂದೆ ಮುಚ್ಚಿಕೊಳ್ಳುವ ಹಾಗೆ.

ಮಗುವಿನ ನೆತ್ತಿಗೆ ಒಂದು ವಾಸನೆ ಇರುತ್ತದಂತೆ. ಬಂದವರೆಲ್ಲ ಮೂಸಿ ಕಣ್ಣು ಮುಚ್ಚುತ್ತಾರೆ. ಮೂರು ವರ್ಷದ ಹಿಂದೆ ನಮ್ಮಿಬ್ಬರ ಮೂಗಿನೊಳಗಿಂದ ದಾರಿ ಮಾಡಿ ಮೆದುಳಿನ ಬುಡದ ಗಡ್ಡೆ ತೆಗೆದರಲ್ಲ, ಅವತ್ತು ಹೋದ ವಾಸನೆ ನನಗೆ ಇನ್ನೂ ವಾಪಸ್ ಬಂದಿಲ್ಲ. "ನೀವೇ ಮೂಸಿ ಹೇಳಿ, ಹೇಗಿದೆ?" ಎಂದು ಅಲ್ಲಾಲ್‌ರನ್ನು ಕೇಳಿದೆ. ಅವರು ಎರಡು ಸಲ ಮೂಸಿ, "ಬೆಣ್ಣೆ ಕಾಯಿಸಿದ ಹಾಗೆ... ಅಲ್ಲ, ಹೊಸ ಗಾಡಿ ಸೀಟಿನ ಹಾಗೆ" ಎಂದರು. ಗಂಡಸರಿಗೆ ಮೂಗಿದ್ದೂ ಅಷ್ಟೇ.

ಫೆಬ್ರವರಿಯಲ್ಲಿ ಡಾಕ್ಟರ್ ನನ್ನ ಮಾತ್ರೆ ನಿಲ್ಲಿಸಿದ ಮೇಲೆ ಚೆನ್ನಾಗಿಯೇ ಇದ್ದೇನೆ. ನಿಲುವಂಗಿಯ ರೇಷ್ಮೆ ಗುಂಡಿ ಕಟ್ಟುವ ಕೆಲಸ ಮೊದಲಿನ ಹಾಗೇ ನಡೆದಿದೆ. ನವೆಂಬರಿನ ಸ್ಕ್ಯಾನಿಗೆ ಇಬ್ಬರೂ ರಬಾತ್‌ಗೆ ಹೋಗುತ್ತೇವಲ್ಲ, ಆಗ ಯೂನುಸನನ್ನು ನಿಮ್ಮ ತೊಡೆಯ ಮೇಲೆ ಹಾಕುತ್ತೇನೆ.

ನಿಮ್ಮ ಮೂಗಿನ ತಂಗಿ,
ಬತೂಲ್

•

ಸಾಫಿ
22 ನವೆಂಬರ್ 1996

ಬತೂಲ್,

ಹತ್ತೊಂಬತ್ತನೇ ತಾರೀಕು ಬೆಳಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ ರಬಾತ್ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆ. ಪಕ್ಕದ ಜಾಗದಲ್ಲಿ ಚೀಲ ಇಟ್ಟಿದ್ದೆ. ಕೂರಲು ಬಂದವರಿಗೆಲ್ಲ, "ನನ್ನ ತಂಗಿ ಬರ್ತಾಳೆ, ಮಗೂನೂ ಕರ್ಕೊಂಡು ಬರ್ತಾಳೆ" ಎಂದೆ. ಒಬ್ಬ ಹಣ್ಣು ಮುದುಕಿಯನ್ನೂ ನಿಲ್ಲಿಸಿಬಿಟ್ಟೆ, ಆ ಪಾಪ ನಿನ್ನ ತಲೆಗೆ. ಹೇಗೂ ಸಿಗುತ್ತೀಯಲ್ಲ ಎಂದು ನಿನ್ನ ಕಾಗದಕ್ಕೆ ಉತ್ತರವನ್ನೂ ಬರೆದಿರಲಿಲ್ಲ. ಮಗುವಿಗೆಂದು ನಮ್ಮೂರ ಕುಂಬಾರರ ಹತ್ತಿರ ಮಾಡಿಸಿದ ಪುಟ್ಟ ಬಟ್ಟಲನ್ನು ಹಾಗೇ ವಾಪಸ್ ತಂದೆ.

ಡಾಕ್ಟರ್ ಬೆರ್ರಾದ ಕೇಳಿದರು, "ಎಲ್ಲಿ ನಿನ್ನ ಸೆಫ್ರೂ ಹುಡುಗಿ?" ಮಗು ಬಂದಿದೆ, ಕೈ ತುಂಬ ಕೆಲಸ ಎಂದೆ. ಅವರು ನಗಲಿಲ್ಲ. "ಮಾತ್ರೆ ನಿಲ್ಲಿಸಿ ಒಂಬತ್ತು ತಿಂಗಳಾಯ್ತು. ಬೇರು ಎಲ್ಲೋ ಒಂಚೂರು ಉಳಿದಿರುತ್ತೆ ಯಾಮ್ನಾ. ಅವಳನ್ನ ನೋಡ್ಲೇಬೇಕು ಅಂತ ಹೇಳು" ಎಂದರು. ಹೇಳಿದ್ದೇನೆ.

ನನ್ನ ಕತೆ ನಿನಗೆ ಗೊತ್ತೇ ಇದೆ, ಆದರೂ ಇನ್ನೊಂದು ಸಲ ಕೇಳಿಸಿಕೋ. ನನ್ನ ಗಡ್ಡೆ ನನ್ನ ಕೈಕಾಲು, ದವಡೆ ಬೆಳೆಸಿತು. ಹಮಾಮಿನಲ್ಲಿ ಮೈ ಉಜ್ಜುವವಳ ಕೈ ದೊಡ್ಡದಾದರೆ ಯಾರಿಗೆ ಬೇಜಾರು? "ಯಾಮ್ನಾ ಕೈ ಅಂದ್ರೆ ಕೈ, ಎರಡು ಸಲ ಎಳೆದ್ರೆ ಬೆನ್ನು ಮುಗೀತು" ಎಂದು ಹೊಗಳಿ ಹೊಗಳಿ ಸಾಲು ನಿಲ್ಲುತ್ತಿದ್ದರು. ಆ ಹೊಗಳಿಕೆ ಕೇಳಿಕೊಂಡು ಏಳು ವರ್ಷ ಕಳೆದೆ. ಕೊನೆಗೆ ಒಬ್ಬ ಡಾಕ್ಟರ ಹೆಂಡತಿ ಸ್ನಾನಕ್ಕೆ ಬಂದವಳು ನನ್ನ ದವಡೆ ನೋಡಿ ಹೆದರಿ ಗಂಡನಿಗೆ ಹೇಳಿದಳು. ಅಷ್ಟರಲ್ಲಿ ನನಗೆ ಎರಡೂ ಪಕ್ಕ ಕತ್ತಲಾಗಿತ್ತು, ಗಾಡಿ ಕುದುರೆಗೆ ಕಣ್ಣುಪಟ್ಟಿ ಕಟ್ಟಿದ ಹಾಗೆ. ಆಪರೇಷನ್ ಆದ ಮೇಲೂ ಪೂರ್ತಿ ತೆರೆಯಲಿಲ್ಲ.

ನನ್ನ ಸ್ಕ್ಯಾನ್ ಈ ವರ್ಷ ಸ್ವಚ್ಛ ಬಂದಿದೆ. ನಿನ್ನದು ಯಾವಾಗ?

ಕಾದು ಕಾದು ಸೊಂಟ ಹಿಡಿದ,
ಯಾಮ್ನಾ

•

ಸೆಫ್ರೂ
8 ಡಿಸೆಂಬರ್ 1996

ಯಾಮ್ನಕ್ಕಾ,

ಯಾರಿಗೂ ಹೇಳಬೇಡಿ, ಹಾಲು ಬಂದಿದೆ.

ಅಕ್ಟೋಬರ್ ಕೊನೆಗೆ ಯೂನುಸನಿಗೆ ಹೊಟ್ಟೆನೋವು ಬಂದಿತ್ತು. ಬಾಟಲಿ ಕಂಡರೆ ಮುಖ ತಿರುಗಿಸುತ್ತಿದ್ದ. ಅಳು ನಿಂತರೆ ಸಾಕು ಎಂದು ಸುಮ್ಮನೆ ಎದೆಗೆ ಹಾಕಿಕೊಂಡೆ. ಚೀಪಿಕೊಂಡು ಮಲಗಿದ. ಮಾರನೇ ದಿನವೂ ಅಷ್ಟೇ. ನಾಲ್ಕನೇ ದಿನ ಅವನ ತುಟಿಯ ಮೂಲೆಯಲ್ಲಿ ಬಿಳಿ ಕಂಡಿತು. ಬಾಟಲಿಯದ್ದು ಅಂದುಕೊಂಡೆ. ಆಮೇಲೆ ನೆನಪಾಯಿತು, ಅವತ್ತು ಬಾಟಲಿ ಕೊಟ್ಟೇ ಇರಲಿಲ್ಲ. ಹೆಚ್ಚೇನಿಲ್ಲ, ದಿನಕ್ಕೆ ಒಂದು ಚಹದ ಲೋಟ ತುಂಬಬಹುದು. ಹೊಟ್ಟೆ ತುಂಬುವುದು ಬಾಟಲಿಯಿಂದಲೇ.

ಇದು ಎಲ್ಲಿಂದ ಬರುತ್ತಿದೆ ಎಂದು ನೀವು ನನಗೆ ಬರೆಯಬೇಕಾಗಿಲ್ಲ. ಮೊದಲ ಸಲ ಬಂದಾಗ ಎರಡು ವರ್ಷ ಬಸಿರಿಲ್ಲದೆ ಅಂಗಿ ಒದ್ದೆ ಮಾಡಿಕೊಂಡವಳು ನಾನು. "ಒಳಗಿದ್ದದ್ದನ್ನ ಎಲ್ಲಿ ಕಳ್ಕೊಂಡ್ಯೇ?" ಎಂದು ನಮ್ಮತ್ತೆ ಸಾಯುವವರೆಗೂ ಕೇಳಿದರು. ಕೊನೆಗೆ ಡಾಕ್ಟರ್ ಬೆರ್ರಾದ ಹೇಳಿದರಲ್ಲ, ಇದು ಎದೆಯ ಕಾಯಿಲೆ ಅಲ್ಲ, ತಲೆಯೊಳಗಿನ ಗಡ್ಡೆಯ ಕೆಲಸ ಅಂತ. ಆವಾಗ ಕುಡಿಯುವವರಿಲ್ಲದ ಹಾಲು. ಈಗ ಕುಡಿಯುವವನಿದ್ದಾನೆ ಅಕ್ಕಾ.

ನ್ಯಾಯಾಧೀಶರ ಕಾಗದ ಏನಾದರೂ ಹೇಳಲಿ. ನಮ್ಮ ಧರ್ಮದಲ್ಲಿ ಹಾಲು ಕುಡಿಸಿದವಳು ತಾಯಿ, ಕುಡಿದವನು ಮಗ. ನಾನು ಅವನ ಮುಂದೆ ತಲೆ ಮುಚ್ಚಬೇಕಾಗಿಲ್ಲ, ಅವನು ನಾನು ಸತ್ತಾಗ ಹೊಸ್ತಿಲ ಹೊರಗೆ ನಿಲ್ಲಬೇಕಾಗಿಲ್ಲ. ಸ್ಕ್ಯಾನಿಗೆ ಹೋದರೆ ಮಾತ್ರೆ ಕೊಡುತ್ತಾರೆ, ಮಾತ್ರೆ ತಿಂದರೆ ಎದೆ ಒಣಗುತ್ತದೆ. ಎರಡು ವರ್ಷದ ಹಾಲು ಮಗುವಿನ ಹಕ್ಕು. ಅದನ್ನು ಕೊಟ್ಟು ಮುಗಿಸಿ ಬರುತ್ತೇನೆ. ಗಡ್ಡೆ ಕಾಯಲಿ.

ಆಸ್ಪತ್ರೆಯವರು ತಾರೀಕು ಮುಂದಕ್ಕೆ ಹಾಕಿದ್ದಾರೆ ಎಂದು ಅಲ್ಲಾಲ್‌ಗೆ ಹೇಳಿದ್ದೇನೆ. ಹಾಲಿನ ವಿಷಯಕ್ಕೆ, "ಮಗು ಚೀಪಿದ್ರೆ ಅಜ್ಜೀರಿಗೂ ಹಾಲು ಬರುತ್ತಂತೆ" ಎಂದೆ. ಅವರು "ಹೌದಾ? ಒಳ್ಳೇದಾಯ್ತು ಬಿಡು" ಎಂದು ಟ್ಯಾಕ್ಸಿ ತೊಳೆಯಲು ಹೋದರು. ಹಿಂದಿನ ದಿನವಷ್ಟೇ ತೊಳೆದಿದ್ದರು.

ಆಣೆ ಇಟ್ಟು ಕೇಳುತ್ತೇನೆ, ಯಾರಿಗೂ ಬೇಡ.

ಬತೂಲ್

•

ಸಾಫಿ
16 ಜನವರಿ 1997

ಬತೂಲ್,

ಮೂರು ಕಾಗದ ಬರೆದು ಮೂರನ್ನೂ ಹರಿದೆ. ಒಂದರಲ್ಲಿ ಬೈಗುಳ ಜಾಸ್ತಿಯಾಗಿತ್ತು, ಇನ್ನೊಂದರಲ್ಲಿ ಅಳು. ಮೂರನೆಯದು ಅಲ್ಲಾಲ್‌ಗೆ ಬರೆದದ್ದು. ಅದನ್ನು ಅಂಚೆ ಡಬ್ಬಿಯವರೆಗೂ ತೆಗೆದುಕೊಂಡು ಹೋಗಿದ್ದೆ.

ರಂಜಾನ್ ಶುರುವಾಗಿದೆ. ನನಗೆ ಉಪವಾಸದ ಭಾಗ್ಯ ಇಲ್ಲ. ಆಪರೇಷನ್ ಆದಾಗಿನಿಂದ ನನ್ನ ಬಾಯಾರಿಕೆ ನಿಂತಿಲ್ಲವಲ್ಲ, ಮೂಗಿಗೆ ಬಿಡುವ ಔಷಧಿ ಒಂದು ಹೊತ್ತು ತಪ್ಪಿದರೆ ಬಾವಿಗೇ ಬಾಯಿ ಹಾಕಬೇಕು. ಉಪ್ಪು ತಿಂದವರು ನೀರು ಕುಡಿಯಬೇಕು ಎನ್ನುತ್ತಾರೆ, ನಾನು ಉಪ್ಪು ತಿನ್ನದೆಯೇ ಕುಡಿಯುತ್ತೇನೆ. ಜನ ನೋಡಬಾರದು ಎಂದು ಹಮಾಮಿನ ಸೌದೆ ಕೋಣೆಗೆ ಹೋಗಿ ಕುಡಿಯುವಾಗ ಬೆಂಕಿ ಹಾಕುವ ಮುದುಕ ಹಿಡಿದುಬಿಟ್ಟ. "ಈ ವಯಸ್ಸಲ್ಲಿ ನಿಂಗಿದು ಬೇಕಾ ಯಾಮ್ನಾ?" ಎಂದ. "ನನ್ನ ತಲೇಲಿ ನಲ್ಲಿ ಕೆಟ್ಟೋಗಿದೆ ಕಣಯ್ಯಾ, ಡಾಕ್ಟ್ರ ಚೀಟಿ ತೋರಿಸ್ಲಾ?" ಎಂದೆ. ನಗು ಬಂದರೆ ನಗು. ನಿನ್ನ ಮೇಲೆ ಇಷ್ಟು ಸಿಟ್ಟಿರುವಾಗಲೂ ನಿನ್ನನ್ನು ನಗಿಸಬೇಕು ಅನ್ನಿಸುತ್ತದೆ, ಅದೇ ನನ್ನ ಕರ್ಮ.

ಈಗ ಕೇಳು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಲೋಕಕ್ಕೆ ಕಾಣುವುದಿಲ್ಲವೇ? ಮಗು ಬೆಳೆದ ಹಾಗೆ ನಿನ್ನ ತಲೆಯೊಳಗಿನದ್ದೂ ಬೆಳೆಯುತ್ತದೆ. ಅದರ ನೆತ್ತಿಯ ಮೇಲೇ ಕಣ್ಣಿನ ನರ ಹಾದುಹೋಗಿದೆ, ಡಾಕ್ಟರ್ ಚಿತ್ರ ಬರೆದು ತೋರಿಸಿದ್ದರಲ್ಲ. ಒಂದು ಪರೀಕ್ಷೆ ಹೇಳುತ್ತೇನೆ, ಮಾಡು. ಅಲ್ಲಾಲ್‌ನನ್ನು ಎದುರಿಗೆ ಕೂರಿಸಿಕೋ. ಒಂದು ಕಣ್ಣು ಮುಚ್ಚಿ ಅವನ ಮೂಗನ್ನೇ ನೋಡು. ಅವನು ಬೆರಳನ್ನು ಪಕ್ಕದಿಂದ ಮೆಲ್ಲಗೆ ತರಲಿ. ಎಲ್ಲಿಗೆ ಬಂದಾಗ ಕಂಡಿತು ಎಂದು ನನಗೆ ಬರೆ. ಸುಳ್ಳು ಬರೆಯಬೇಡ, ನಾವಿಬ್ಬರೂ ಒಂದೇ ಕೋಣೆಯಲ್ಲಿ ಮೂಗಿಗೆ ಹತ್ತಿ ತುರುಕಿಕೊಂಡು ಬಾಯಲ್ಲಿ ಉಸಿರಾಡಿದವರು.

ಸಿಟ್ಟು ಇಳಿಯದ,
ಯಾಮ್ನಾ

•

ಸೆಫ್ರೂ
20 ಫೆಬ್ರವರಿ 1997

ಯಾಮ್ನಕ್ಕಾ,

ಬೆರಳಿನ ಆಟ ಆಡಲಿಲ್ಲ. ಅದರ ಅಗತ್ಯವೂ ಇಲ್ಲ, ಕಣ್ಣು ಚೆನ್ನಾಗಿದೆ. ಸಾಕ್ಷಿ ಬೇಕೇ? ಕಾಗದದ ಜೊತೆ ಒಂದು ಗುಂಡಿ ಇಟ್ಟಿದ್ದೇನೆ, ನಿನ್ನೆ ಕಟ್ಟಿದ್ದು. ಒಂದು ಎಳೆ ಅಡ್ಡ ಹೋಗಿದ್ದರೆ ತೋರಿಸಿ. ದಿನಕ್ಕೆ ನಲವತ್ತು ಕಟ್ಟುತ್ತೇನೆ, ಸೂಜಿಗೆ ದಾರ ನಾನೇ ಪೋಣಿಸುತ್ತೇನೆ. ಕುರುಡಿಯ ಕೈಕೆಲಸವೇ ಇದು?

ಇಲ್ಲಿ ಒಂದು ತಮಾಷೆ ಆಗಿದೆ. ಪಕ್ಕದ ಮನೆಯ ಮಹ್ಜೂಬಾ ನಾನು ಹಾಲು ಕೊಡುವುದನ್ನು ನೋಡಿಬಿಟ್ಟಳು. ಆ ಬಾಯಿಗೆ ಬಿದ್ದ ಮೇಲೆ ಊರಿಗೆ ಡಂಗುರ ಬೇಕೇ? ಹೆರದ ಬತೂಲಳಿಗೆ ಹಾಲಿಳಿದಿದೆ, ಇದು ನಮ್ಮೂರ ಸಂತ ಸಿದಿಯ ಆಶೀರ್ವಾದ, ಗೋರಿಗೆ ಹೊತ್ತ ಹರಕೆ ಫಲಿಸಿತು ಅಂತ ಬೀದಿಯೆಲ್ಲ ಮಾತು. ಮಹ್ಜೂಬಾ ತನ್ನ ಮೊಮ್ಮಗಳನ್ನು ತಂದು, "ಇವಳಿಗೆ ಮೈಗೆ ಹತ್ತೋದೇ ಇಲ್ಲ ಕಣೇ, ನಿನ್ನ ಹಾಲು ಎರಡು ಹನಿ ಹಾಕು, ಪುಣ್ಯ ಬರುತ್ತೆ" ಎಂದಳು. ಹಾಕಿದೆ. ಆಮೇಲೆ ಇನ್ನಿಬ್ಬರು ಬಂದರು, ಅವರಿಗೂ ಹಾಕಿದೆ. ಹದಿಮೂರು ವರ್ಷ ನನ್ನನ್ನು ನಾಮಕರಣಕ್ಕೆ ಕರೆಯಲು ಹಿಂದೆಮುಂದೆ ನೋಡುತ್ತಿದ್ದವರು ಅಕ್ಕಾ ಇವರು, ನನ್ನ ಕಣ್ಣು ಬಿದ್ದೀತು ಎಂದು. ಈಗ ನನ್ನ ಬಾಗಿಲಿಗೆ ಬರುತ್ತಾರೆ. ನಾನು ಬೇಡ ಅನ್ನಲಾರೆ.

ಯೂನುಸ್ ಮಗುಚಿಕೊಳ್ಳುತ್ತಾನೆ. ಹಬ್ಬದ ದಿನ ನನ್ನ ಮೊಣಕೈ ತಾಗಿ ಚಹದ ಲೋಟ ಎರಡು ಒಡೆದವು. "ನಮ್ಮನೇಲಿ ಲೋಟಗಳಿಗೆ ಕಾಲು ಬಂದಿದೆ" ಎಂದು ಅಲ್ಲಾಲ್ ನಗಿಸಿದರು. ಆಗಾಗ ತಲೆನೋವು ಬರುತ್ತದೆ, ನಿದ್ದೆ ಸಾಲದು, ಅಷ್ಟೇ.

ನಿಮ್ಮ ಬತೂಲ್

•

ಸಾಫಿ
8 ಮಾರ್ಚ್ 1997

ಬತೂಲ್,

ಗುಂಡಿ ಅಂಗೈಯಲ್ಲಿ ಇಟ್ಟುಕೊಂಡು ನೋಡಿದೆ. ಚೆಂದ ಇದೆ. ಆದರೆ ಗುಂಡಿ ಇರುವುದು ಕಣ್ಣೆದುರಿಗೆ, ಹುಚ್ಚಿ. ನಮ್ಮಂಥವರಿಗೆ ಹೋಗುವುದು ಎದುರಿನದ್ದಲ್ಲ, ಪಕ್ಕದ್ದು. ಲೋಟ ಪಕ್ಕದಲ್ಲಿತ್ತು.

ಊರ ಮಕ್ಕಳಿಗೆಲ್ಲ ಹಾಲು ಹಾಕಿದ್ದೀಯಲ್ಲ, ಬುದ್ಧಿ ಎಲ್ಲಿಟ್ಟಿದ್ದೆ? ನಿನ್ನ ಹಾಲು ಕುಡಿದವರೆಲ್ಲ ಒಬ್ಬರಿಗೊಬ್ಬರು ಅಣ್ಣ ತಂಗಿ. ಹೀಗೇ ನಡೆದರೆ ಇಪ್ಪತ್ತು ವರ್ಷ ಕಳೆದ ಮೇಲೆ ನಿಮ್ಮ ಬೀದಿಯಲ್ಲಿ ಒಂದು ಮದುವೆಯೂ ಆಗುವುದಿಲ್ಲ, ಯೂನುಸನಿಗೆ ಹೆಣ್ಣು ಹುಡುಕಲು ನಾನೇ ಸಾಫಿಯಿಂದ ದೋಣಿ ಹತ್ತಬೇಕು. ಯಾರು ಯಾರು ಕುಡಿದರು ಎಂದು ಮೊದಲು ಬರೆದಿಡು. ನಮ್ಮ ಹಮಾಮಿನಲ್ಲೇ ಆಗಿದೆ ಇಂಥದ್ದು. ಅಳುವ ಕೂಸನ್ನು ಯಾರೋ ಎದೆಗೆ ಹಾಕಿಕೊಂಡರು, ಇಪ್ಪತ್ತೆರಡು ವರ್ಷದ ಮೇಲೆ ನಿಶ್ಚಿತಾರ್ಥದ ದಿನ ಒಬ್ಬ ಮುದುಕಿಗೆ ನೆನಪು ಬಂತು. ಹುಡುಗಿ ಇವತ್ತಿಗೂ ಮದುವೆಯಾಗಿಲ್ಲ.

ಅದಿರಲಿ. ನಿನ್ನ ಹೆಸರು ಹೇಳದೆ ಮಸೀದಿಯ ಫಕೀಹರನ್ನು ಕೇಳಿಬಂದೆ. "ಎಷ್ಟು ಹಾಲು ಕುಡಿದರೆ ಮಗ ಆಗ್ತಾನೆ ಸ್ವಾಮಿ?" ಎಂದೆ. ಅವರು, "ನಮ್ಮ ಪಂಥದಲ್ಲಿ ಒಂದು ಹನಿ ಹೊಟ್ಟೆಗಿಳಿದ್ರೂ ಸಾಕಮ್ಮಾ" ಎಂದರು. ಹೆರದವಳ ಹಾಲು ಲೆಕ್ಕಕ್ಕೆ ಬರುತ್ತದೆಯೇ ಎಂದೆ. ಬರುತ್ತದೆ ಎಂದರು. ಕೇಳಿಸಿತೇ? ಅವನು ನಾಲ್ಕನೇ ದಿನವೇ ನಿನ್ನ ಮಗನಾದ. ಇನ್ನು ಎರಡು ವರ್ಷ ಯಾವುದಕ್ಕೆ? ರಬಾತ್‌ಗೆ ಹೋಗು.

ಬಕ್ರೀದ್ ಮುಗಿಸಿಕೊಂಡು ನಾನೇ ಬರುತ್ತೇನೆ. ಬೇಡ ಅಂದರೂ ಬರುತ್ತೇನೆ.

ಯಾಮ್ನಾ

•

ಸಾಫಿ
2 ಮೇ 1997

ಬತೂಲ್,

ಬಸ್ಸಿನಲ್ಲಿ ಹದಿನಾಲ್ಕು ಗಂಟೆ ಕೂತು ಮನೆ ಸೇರಿದೆ. ನಿನ್ನ ಮುಂದೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತೇನೆ. ನಾಲ್ಕು ದಿನ ನಿನ್ನ ಮನೆಯ ಉಪ್ಪು ತಿಂದೆ, ಒಣದ್ರಾಕ್ಷಿ ಹಾಕಿದ ಮಾಂಸ ತಿಂದೆ, ಯೂನುಸನ ಕೈಯಲ್ಲಿ ಗಲ್ಲ ಹಿಂಡಿಸಿಕೊಂಡೆ. ನನ್ನ ದವಡೆ ಹಿಡಿಯಲು ಅವನಿಗೆ ಎರಡೂ ಕೈ ಬೇಕಾಯಿತು, ನೋಡಿದೆಯಲ್ಲ. ಅವನನ್ನು ಬಿಟ್ಟು ಬರುವಾಗ ನಾನೂ ಎರಡು ಸಲ ಬಾಗಿಲಿಂದ ವಾಪಸ್ ಬಂದು ಎತ್ತಿಕೊಂಡೆ. ಆದ್ದರಿಂದ ನಿನಗೆ ಏನಾಗುತ್ತದೆ ಎಂದು ಗೊತ್ತಿಲ್ಲದೆ ಬರೆಯುತ್ತಿಲ್ಲ.

ಮೂರನೇ ದಿನ ಮಹ್ಜೂಬಾಳ ಜೊತೆ ನಿಮ್ಮೂರ ಹಮಾಮಿಗೆ ಹೋದೆವು. ಕಪ್ಪು ಸಾಬೂನು ಹಚ್ಚಿ ನಿನ್ನ ಬೆನ್ನು ಉಜ್ಜಿದೆ. ಆಮೇಲೆ ನಿನ್ನ ಎಡಕ್ಕೆ ಬಂದು, ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಕೂತೆ. ಚೀಲದಿಂದ ಕಿತ್ತಳೆ ತೆಗೆದು ಸುಲಿದೆ. ಆ ಬಿಸಿ ಹಬೆಯಲ್ಲಿ ಕಿತ್ತಳೆಯ ಸಿಪ್ಪೆ ಹರಿದರೆ ಮೂರು ಕೋಣೆ ಆಚೆಗೂ ಘಮ್ಮೆನ್ನುತ್ತದೆ. ಹೆಂಗಸರೆಲ್ಲ ತಿರುಗಿ ನೋಡಿದರು. ನಿನಗೆ ವಾಸನೆಯೂ ಇಲ್ಲ, ನೋಟವೂ ಇಲ್ಲ. ಒಂದೊಂದೇ ತೊಳೆ ತಿಂದೆ. ಮುಗಿಯುವ ಹೊತ್ತಿಗೆ ನೀನು ಮಹ್ಜೂಬಾಳನ್ನು ಕೇಳಿದೆ, "ಯಾಮ್ನಕ್ಕ ಎಲ್ಲೋದ್ರೇ?"

ಮಹ್ಜೂಬಾ ನನ್ನ ಮುಖ ನೋಡಿದಳು. ನಾನು ಬಾಯಿಗೆ ಬೆರಳಿಟ್ಟೆ. ನಾನು ಎಲ್ಲೂ ಹೋಗಿರಲಿಲ್ಲ ಬತೂಲ್. ನಿನ್ನ ಎಡಕ್ಕೇ ಕೂತಿದ್ದೆ.

ಅವತ್ತು ರಾತ್ರಿ ಫಕೀಹರ ಮಾತು ಎತ್ತಿದಾಗ ನೀನು ಅಂದದ್ದು ಮರೆಯುತ್ತಿಲ್ಲ. "ಒಂದು ಹನಿ ಸಾಕು ಅಂತ ನಂಗೂ ಗೊತ್ತಕ್ಕಾ. ಬಾಟಲಿ ಕುಡಿಯುವಾಗ ಅವನು ಬಾಟಲೀನ ನೋಡ್ತಾನೆ, ಇಲ್ಲಿ ಕುಡಿಯುವಾಗ ನನ್ನ ನೋಡ್ತಾನೆ. ಹಾಲು ನಿಂತ್ರೆ ನಾನು ಯಾರೋ." ಅದಕ್ಕೆ ಈಗ ಉತ್ತರ ಕೊಡುತ್ತೇನೆ. ಅವನು ನೋಡುತ್ತಾನೆ ಸರಿ. ನೀನು ಇನ್ನೆಷ್ಟು ದಿನ ಅವನನ್ನು ನೋಡುತ್ತೀಯಾ?

ಅಲ್ಲಾಲ್‌ಗೆ ಏನೂ ಹೇಳಿಲ್ಲ. ನಿಮ್ಮ ಬಾಗಿಲಲ್ಲಿ ನಿಂತು ಹೇಳಬೇಕೆಂದು ಬಾಯಿ ತೆರೆದಿದ್ದೆ. ಕೊನೆಗೆ, "ಗಾಡಿ ನಿಧಾನಕ್ಕೆ ಓಡಿಸಪ್ಪಾ" ಎಂದೆ. ಹೇಡಿ ನಾನು.

ನಿನ್ನ ಕಾಗದ ಬರಲಿ.

ಯಾಮ್ನಾ

•

ಸೆಫ್ರೂ
12 ಜೂನ್ 1997

ಲಲ್ಲಾ ಯಾಮ್ನಾ ಅವರಿಗೆ,

ಅಲ್ಲಾಲ್ ಬರೆಯುವುದು. ನಿಮಗೆ ನಾನು ಯಾವತ್ತೂ ಬರೆದಿಲ್ಲ, ತಪ್ಪಿದ್ದರೆ ಕ್ಷಮಿಸಿ. ಸ್ಟ್ಯಾಂಡಿನಲ್ಲಿ ಗಾಡಿ ತುಂಬುವುದನ್ನು ಕಾಯುತ್ತ ಸ್ಟೀರಿಂಗಿನ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದೇನೆ.

ನೀವು ಹೋದ ಮೇಲೆ ನಿಮ್ಮ ಕಾಗದ ಬಂತು. ಅದನ್ನು ಓದಿದ ದಿನದಿಂದ ಅವಳು ಸರಿಯಾಗಿ ಮಾತಾಡುತ್ತಿಲ್ಲ. ಬೆಳಗ್ಗೆ ತಲೆ ಹಿಡಿದುಕೊಂಡು ಕೂರುತ್ತಾಳೆ, ಎರಡು ಸಲ ವಾಂತಿ ಆಯಿತು. ಬಾಗಿಲ ಚೌಕಟ್ಟಿಗೆ ತಾಗಿ ತಾಗಿ ಎರಡೂ ಭುಜ ನೀಲಿಯಾಗಿದೆ. ಮಗು ಪಕ್ಕದಿಂದ ಅಂಬೆಗಾಲಿಕ್ಕಿ ಬಂದರೆ ಬೆಚ್ಚಿ ಬೀಳುತ್ತಾಳೆ.

ನಿಮ್ಮ ಕಾಗದದಲ್ಲಿ ಏನಿತ್ತು ಎಂದು ನಾನು ಅವಳನ್ನು ಕೇಳಿಲ್ಲ. ಕೇಳಿದರೆ ಅವಳು ಹೇಳಿಬಿಡುತ್ತಾಳೆ. ಅದಕ್ಕೇ ಕೇಳಿಲ್ಲ. ನೀವೇ ಹೇಳಿ, ನಾನು ಏನು ಮಾಡಲಿ?

ಅಲ್ಲಾಲ್

•

ಸಾಫಿ
20 ಜೂನ್ 1997

ತಮ್ಮಾ ಅಲ್ಲಾಲ್,

ಪಕ್ಕದ ದಿಂಬಿಗೆ ಕೇಳಬೇಕಾದ್ದನ್ನು ಸಮುದ್ರದ ದಡದಲ್ಲಿರುವ ನನಗೆ ಬರೆದು ಕೇಳಿದ್ದೀಯಾ. ಹೇಳುವುದು ನನಗೇನೂ ಕಷ್ಟವಲ್ಲ, ನಾಲ್ಕು ಸಾಲಿನ ಮಾತು. ಆದರೆ ನಾನು ಹೇಳಿದರೆ ಅವಳ ಗುಟ್ಟನ್ನು ನಾನು ಮುರಿದಂತೆ, ನೀನು ಕೇಳಿದರೆ ಅವಳ ಕೈ ಹಿಡಿದಂತೆ. ನಿನಗೆ ಗೊತ್ತಿರುವುದನ್ನೇ ನೀನು ಕೇಳಬೇಕಾಗಿರುವುದು, ನಿನ್ನ ಕಾಗದ ನೋಡಿದರೆ ಹಾಗನ್ನಿಸುತ್ತದೆ.

ನಾನೂ ಆರು ತಿಂಗಳಿಂದ ಬಾಯಿ ಮುಚ್ಚಿಕೊಂಡಿದ್ದೇನೆ. ಅವಳು ಆಣೆ ಇಟ್ಟಳು ಎಂದು ನೆಪ ಹೇಳಿಕೊಂಡೆ. ನಮ್ಮಿಬ್ಬರಿಗೂ ಅವಳು ಆ ಮಗುವನ್ನು ಎದೆಗವಚಿಕೊಂಡಿದ್ದನ್ನು ನೋಡುವುದು ಬೇಕಾಗಿತ್ತು. ಸಾಕು ತಮ್ಮಾ. ಇವತ್ತೇ ಕೇಳು. ಮನೆಯಲ್ಲಿ ಬಾಯಿ ಬರದಿದ್ದರೆ ಗಾಡಿಯಲ್ಲಿ ಕೂರಿಸಿಕೊಂಡು ಕೇಳು, ರಸ್ತೆ ನೋಡುತ್ತ ಕೇಳುವುದು ಗಂಡಸರಿಗೆ ಸುಲಭ.

ಕಾಯುತ್ತಿರುವ,
ಯಾಮ್ನಾ

•

ರಬಾತ್, ಆಸ್ಪತ್ರೆ
1 ಆಗಸ್ಟ್ 1997, ಶುಕ್ರವಾರ

ಯಾಮ್ನಕ್ಕನಿಗೆ,

ಅಕ್ಷರ ದೊಡ್ಡದಾಗಿದೆ, ಸಾಲು ಒಂದೇ ಕಡೆಗೆ ಜಾರುತ್ತದೆ, ಹೊಂದಿಸಿಕೊಂಡು ಓದಿ. ನಮ್ಮ ಹಳೆಯ ಕೋಣೆಯಲ್ಲೇ ಇದ್ದೇನೆ. ನಿಮ್ಮ ಮಂಚದಲ್ಲಿ ಈಗ ಖೆನಿತ್ರದ ಒಬ್ಬ ಹುಡುಗಿ ಇದ್ದಾಳೆ, ಮೂಗಿಗೆ ಹತ್ತಿ ತುರುಕಿಕೊಂಡು. ರಾತ್ರಿಯೆಲ್ಲ ನೀರು ಕೇಳುತ್ತಾಳೆ. ನಿಮ್ಮ ಸೌದೆ ಕೋಣೆಯ ಕತೆ ಹೇಳಿ ನಗಿಸಿದೆ.

ಅಲ್ಲಾಲ್ ಗಾಡಿಯಲ್ಲೇ ಕೇಳಿದರು. ಫೆಸ್‌ಗೆ ಹೋಗಿ ನೂಲು ತರೋಣ ಎಂದು ಕರೆದುಕೊಂಡು ಹೋಗಿ, ಅರ್ಧ ದಾರಿಯಲ್ಲಿ ಆಲಿವ್ ತೋಟದ ಪಕ್ಕ ನಿಲ್ಲಿಸಿ, "ಆ ಗಡ್ಡೆ ವಾಪಸ್ ಬಂದಿದೆ ಅಲ್ವಾ?" ಎಂದರು. ಹೌದು ಎಂದೆ. ಅವರು ಸ್ಟೀರಿಂಗಿಗೆ ಹಣೆ ಇಟ್ಟು ಅತ್ತುಬಿಟ್ಟರು. "ಹಾಲು ಬಂದ ದಿನವೇ ನಂಗೆ ಗೊತ್ತಾಯ್ತು ಕಣೇ. ತಾರೀಕು ಮುಂದಕ್ಕೆ ಹಾಕಿದಾರೆ ಅಂದ್ಯಲ್ಲ, ಅದು ಸುಳ್ಳು ಅಂತಾನೂ ಗೊತ್ತಿತ್ತು. ನೀನು ಅಷ್ಟು ಖುಷಿಯಾಗಿದ್ದನ್ನ ನಾನು ಯಾವತ್ತೂ ನೋಡಿರ್ಲಿಲ್ಲ, ಇನ್ನೊಂದು ವಾರ ಇರ್ಲಿ, ಇನ್ನೊಂದು ವಾರ ಇರ್ಲಿ ಅಂತ ಸುಮ್ಮನಿದ್ದೆ" ಎಂದರು. ಅವರ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ ಅಕ್ಕಾ. ಇಬ್ಬರೂ ಒಂದೇ ಕಳ್ಳತನ ಮಾಡಿದ್ದೆವು.

ಗಡ್ಡೆ ಖರ್ಜೂರದ ಬೀಜದಷ್ಟು ಬೆಳೆದು ಕಣ್ಣಿನ ನರವನ್ನು ಒತ್ತುತ್ತಿದೆ. ಡಾಕ್ಟರ್ ಬೆರ್ರಾದ ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಚಿತ್ರವನ್ನು ಬೆಳಕಿಗೆ ಹಿಡಿದುಕೊಂಡು, "ಮಗೂಗೆ ಎಷ್ಟು ತಿಂಗಳು?" ಎಂದು ಕೇಳಿದರು. ಹತ್ತು ಎಂದೆ. "ಇನ್ನೂ ಆರು ತಿಂಗಳು ಬಿಟ್ಟಿದ್ರೆ ಅವನ ಮುಖ ಮರೀಬೇಕಾಗ್ತಿತ್ತಮ್ಮಾ" ಎಂದರು. ಮೊದಲು ಮಾತ್ರೆ, ಕರಗದಿದ್ದರೆ ಮತ್ತೆ ಮೂಗಿನ ದಾರಿ. ಮಾತ್ರೆ ತಿಂದರೆ ಹೊಟ್ಟೆ ತೊಳಸುತ್ತದೆ, ಎದ್ದರೆ ತಲೆ ಸುತ್ತುತ್ತದೆ. ದಿನಾ ಒಂದು ಬಟ್ಟಲಿನಂಥ ಯಂತ್ರಕ್ಕೆ ಮುಖ ಇಡಿಸಿ ಬೆಳಕಿನ ಚುಕ್ಕೆ ತೋರಿಸುತ್ತಾರೆ. ಮೂರು ವಾರದಲ್ಲಿ ಬಲಗಡೆ ಸ್ವಲ್ಪ ತೆರೆದಿದೆ. ಎಡಗಡೆಯದ್ದು ಎಷ್ಟು ಬರುತ್ತದೋ ಹೇಳಲಾಗದಂತೆ.

ಹೊರಡುವ ಮುಂಚೆ ಮಹ್ಜೂಬಾಳಿಗೆ ನಿಜ ಹೇಳಿದೆ, ಅದು ಸಿದಿಯ ಹಾಲಲ್ಲ, ಗಡ್ಡೆಯ ಹಾಲು ಅಂತ. ಮುಖಕ್ಕೆ ಉಗಿಯುತ್ತಾಳೆ ಎಂದು ಕಾದೆ. ಅವಳು ಸೊಂಟಕ್ಕೆ ಕೈ ಕೊಟ್ಟು, "ಎಲ್ಲಿಂದಾದ್ರೂ ಬರ್ಲಿ, ಗಂಟಲಿಂದ ಕೆಳಗಿಳೀತಲ್ಲ! ನನ್ನ ಮೊಮ್ಮಗಳು ನಿನ್ನ ಮಗಳೇ. ವಾಪಸ್ ಬರ್ದೆ ಇದ್ರೆ ಅವಳ ಮದುವೆ ಖರ್ಚು ಯಾರು ಕೊಡ್ತಾರೆ?" ಎಂದು ಹೇಳಿ ಗೊಳೋ ಎಂದು ಅತ್ತಳು.

ಹತ್ತು ದಿನಕ್ಕೆ ಹಾಲು ನಿಂತಿತು. ಅಲ್ಲಾಲ್ ತಮ್ಮ ಚಿಕ್ಕಪ್ಪನ ಮನೆಯಲ್ಲಿ ಉಳಿದುಕೊಂಡು ದಿನಾ ಮಧ್ಯಾಹ್ನ ಯೂನುಸನನ್ನು ತರುತ್ತಾರೆ. ಹಾಲು ನಿಂತ ಮೊದಲ ದಿನ ಎದೆಗೆ ಬಾಯಿಟ್ಟ. ಎಳೆದ. ಬಿಟ್ಟು ನನ್ನನ್ನು ನೋಡಿದ, ಮತ್ತೆ ಎಳೆದ. ಆಮೇಲೆ ಕಿರುಚಿ, ಎದೆಗೆ ಒದ್ದು, ಅಲ್ಲಾಲ್ ಕಡೆ ಕೈ ಚಾಚಿದ. ಮಾರನೇ ದಿನ ನನ್ನ ಹತ್ತಿರ ಬರಲಿಲ್ಲ. ಅದರ ಮಾರನೇ ದಿನವೂ ಇಲ್ಲ. ಅಪ್ಪನ ಕುತ್ತಿಗೆಯಲ್ಲಿ ಮುಖ ಹುದುಗಿಸಿಕೊಂಡು ನನ್ನನ್ನು ಯಾರೋ ಎಂಬ ಹಾಗೆ ನೋಡುತ್ತಿದ್ದ. ಒಂಬತ್ತು ದಿನ ಹೀಗೆ. ನಾನು ಹೆದರಿದ್ದು ಇದಕ್ಕೇ ಅಲ್ಲವೇ ಅಕ್ಕಾ? ಕಣ್ಣು ತೆರೆದುಕೊಂಡು ಇದನ್ನು ನೋಡಬೇಕಾಯಿತಲ್ಲ ಎಂದು ಖೆನಿತ್ರದ ಹುಡುಗಿಗೆ ಕೇಳಿಸದ ಹಾಗೆ ಅಳುತ್ತಿದ್ದೆ.

ಇವತ್ತು ಮಧ್ಯಾಹ್ನ ಮಂಚದ ಮೇಲೆ ಕೂತಿದ್ದೆ. ಬಾಗಿಲು ನನಗೆ ಎಡಗಡೆ, ಯಾರು ಬಂದರೂ ಕಾಣುವುದಿಲ್ಲ. ಹೊದಿಕೆಯನ್ನು ಏನೋ ಎಳೆಯಿತು. ಇಲ್ಲಿ ಬೆಕ್ಕುಗಳ ಕಾಟ ನಿಮಗೆ ಗೊತ್ತಲ್ಲ, "ಹಚಾ!" ಎಂದೆ. ಮತ್ತೆ ಎಳೆಯಿತು. ಪೂರ್ತಿ ತಿರುಗಿ ನೋಡಿದರೆ ಯೂನುಸ್. ಮಂಚದ ಪಟ್ಟಿ ಹಿಡಿದುಕೊಂಡು ನಿಂತಿದ್ದ, ಮಂಡಿ ಎರಡೂ ನಡುಗುತ್ತಿದ್ದವು.

"ನೀವು ಕಳಿಸಿದ್ರಾ?" ಎಂದು ಅಲ್ಲಾಲ್‌ರನ್ನು ಕೇಳಿದೆ. ದನಿ ಬಾಗಿಲ ಹತ್ತಿರದಿಂದ ಬಂತು. "ನಾನಿನ್ನೂ ನರ್ಸಮ್ಮನ ಹತ್ರ ಇದೀನಲ್ಲೇ. ಕೆಳಗೆ ಬಿಟ್ಟಿದ್ದಷ್ಟೇ. ಮೂರು ಮಂಚ ಹಿಡ್ಕೊಂಡು ಹಿಡ್ಕೊಂಡು ಅವನೇ ಬಂದ."

ಅಭ್ಯಾಸಬಲದಿಂದ ನನ್ನ ಕೈ ಅಂಗಿಯ ಗುಂಡಿಗೆ ಹೋಯಿತು. ಅವನು ಅದರ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಮುಖವನ್ನೇ ನೋಡುತ್ತ, ಎತ್ತಿಕೋ ಎಂದು ಎರಡೂ ಕೈ ಮೇಲೆತ್ತಿದ. ಹಿಡಿತ ಬಿಟ್ಟಿದ್ದರಿಂದ ಹಿಂದಕ್ಕೆ ಬೀಳುವವನಿದ್ದ. ಅಷ್ಟರಲ್ಲಿ ಎತ್ತಿಕೊಂಡೆ.

ಬತೂಲ್